ಪಾಯಾ ಹಾಕುವ ಮೊದಲೇ ಮನೆಯೊಳಗೆ ಓಡಾಡಿದರೆ

(ಹುಬ್ಬಳ್ಳಿಯಲ್ಲಿ ಮನೆ ಕಟ್ಟಿಸಲು ಹೊರಟವರು, ಎಂಜಿನಿಯರುಗಳು ಮತ್ತು ಆರ್ಕಿಟೆಕ್ಚರ್ ವಿದ್ಯಾರ್ಥಿಗಳ ಮುಂದೆ ಆಡಿದ ಮಾತು. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ತಿದ್ದಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಕಟ್ಟುವ ಮೊದಲೇ ಮನೆಯನ್ನು ಕಣ್ಣಿಗೆ ತೋರಿಸುವ ಹೆಡ್‌ಸೆಟ್ಟಿನ, ಅಂದರೆ ತಲೆಗೆ ಹಾಕಿಕೊಂಡು ನೋಡುವ ಪರದೆಯ, ಮಾತಿಗೆ ಬರುವ ಮೊದಲು ನಮ್ಮ ಹಳೆಯ ಮನೆಗಳನ್ನು ನೆನೆಯೋಣ. ಹಳೇ ಹುಬ್ಬಳ್ಳಿಯ ಓಣಿಗಳಲ್ಲಿ, ನವಲಗುಂದ, ಗದಗ ಕಡೆಯ ಹಳ್ಳಿಗಳಲ್ಲಿ ಮಾಳಿಗೆ ಮನೆ ಕಟ್ಟುವಾಗ ಯಾರೂ ಪ್ಲ್ಯಾನ್ ಕೇಳುತ್ತಿರಲಿಲ್ಲ. ಇಷ್ಟು ಅಂಕಣದ (ಕಂಬದಿಂದ ಕಂಬಕ್ಕೆ ಇರುವ ಜಾಗವೇ ಅಂಕಣ) ಮನೆ ಅಂದರೆ ಸಾಕಿತ್ತು. ಹೊರಗೆ ಕಟ್ಟೆ, ಆಮೇಲೆ ತಲಬಾಗಿಲು, ಪಡಸಾಲೆ, ಒಳಗೆ ದೇವರ ಮನೆ, ಅಡುಗೆ ಮನೆ, ಬಚ್ಚಲು, ಹಿಂದೆ ಹಿತ್ತಲು. ಮೇಲೆ ತೊಲೆ, ಜಂತಿ, ಮಣ್ಣು. ಬೆಳಕಿಗೆ ಒಂದು ಬೆಳಕಿಂಡಿ. ಕಟ್ಟಿಸುವವರೂ ಕಟ್ಟುವ ಗೌಂಡಿಯೂ ಅಂಥದೇ ಮನೆಯಲ್ಲಿ ಹುಟ್ಟಿ ಬೆಳೆದವರು. ಮನೆ ಹೇಗಿರುತ್ತದೆ ಎನ್ನುವುದು ಇಬ್ಬರಿಗೂ ಮೈಮೇಲೆ ಗೊತ್ತಿತ್ತು. ಅನುಮಾನ ಬಂದರೆ ಪಕ್ಕದ ಮನೆಗೆ ಹೋಗಿ ನಿಂತು ನೋಡಿದರೆ ಆಯಿತು.

ಈಗ ಮೂವತ್ತು ನಲವತ್ತರ ಪ್ಲಾಟಿನಲ್ಲಿ ಕೆಳಗೆ ಪಾರ್ಕಿಂಗ್, ಮೇಲೆ ಎರಡು ಮಹಡಿ, ಪ್ರತಿ ಕೋಣೆಗೂ ಅಟ್ಯಾಚ್ಡ್ ಬಾತ್‌ರೂಮು, ಓಪನ್ ಕಿಚನ್, ಹಾಲಿನ ಮಧ್ಯದಿಂದ ಮೆಟ್ಟಿಲು. ಇಂಥ ಮನೆಯಲ್ಲಿ ಕಟ್ಟಿಸುವವರು ಹಿಂದೆ ಒಂದು ರಾತ್ರಿಯೂ ಮಲಗಿರುವುದಿಲ್ಲ. ಫೋನಿನಲ್ಲಿ ಯಾವುದೋ ಊರಿನ ಫೋಟೋ ನೋಡಿರುತ್ತಾರೆ. ಅವರ ಮುಂದೆ ನಾವು ಆರ್ಕಿಟೆಕ್ಟುಗಳು ಒಂದು ಹಾಳೆ ಇಡುತ್ತೇವೆ. ಹಾಳೆಯಲ್ಲಿ ಗೆರೆ. ಗೆರೆಯ ಪಕ್ಕ ಅಂಕಿ. ಆ ಗೆರೆ ಓದಿ ತಲೆಯಲ್ಲೇ ಕೋಣೆ ಕಟ್ಟಿಕೊಳ್ಳುವುದನ್ನು ಕಲಿಯಲು ನಮಗೆ ಕಾಲೇಜಿನಲ್ಲಿ ಐದು ವರ್ಷ ಕೊಟ್ಟಿರುತ್ತಾರೆ. ಕ್ಲೈಂಟಿಗೆ ಅರ್ಧ ಗಂಟೆ ಕೊಡುತ್ತೇವೆ. ಅವರು ಹೂಂ ಅನ್ನುತ್ತಾರೆ. "ನಿಮಗ ಗೊತ್ತಿರ್ತದಲ್ರೀ ಸಾಹೇಬ್ರ, ನೀವು ಹೆಂಗ ಅಂತೀರಿ ಹಂಗ" ಅನ್ನುತ್ತಾರೆ.

ಆ ಹೂಂ ನಮ್ಮ ವೃತ್ತಿಯಲ್ಲಿ ಬಹಳ ದುಬಾರಿ. ಒಂದೂವರೆ ವರ್ಷದ ನಂತರ ಅದೇ ಮನುಷ್ಯರು ಮೊದಲ ಬಾರಿ ತಮ್ಮ ಕೋಣೆಯಲ್ಲಿ ನಿಂತು "ಇದು ಇಷ್ಟ ಸಣ್ಣದ ಬರ್ತದಂತ ಗೊತ್ತಿರ್ಲಿಲ್ಲ" ಅನ್ನುತ್ತಾರೆ. ಆಗ ಸ್ಲ್ಯಾಬ್ ಬಿದ್ದಿರುತ್ತದೆ. ಕಾಲಂ ಸರಿಸುವ ಹಾಗಿಲ್ಲ. ಸಾಲದ ಕಂತು ಶುರುವಾಗಿರುತ್ತದೆ.

ಹಾಗಾಗಿ ನನ್ನ ಇವತ್ತಿನ ಮಾತು ಇಷ್ಟೇ: ಕ್ಲೈಂಟ್ ಹೊತ್ತಿಗೆ ಸರಿಯಾಗಿ ಬೇಡ ಅನ್ನಬೇಕು. ವಿಆರ್, ಎಆರ್ ಆ ಕೆಲಸಕ್ಕೆ ಬಂದರೆ ಅವರ ಸಮಾಧಾನ ಹೆಚ್ಚುತ್ತದೆ. ಅವರನ್ನು ಬೆರಗುಗೊಳಿಸಿ ಒಪ್ಪಿಸುವುದಕ್ಕೆ ಬಳಸಿದರೆ, ಅದೇ ಯಂತ್ರ ಅಸಮಾಧಾನವನ್ನು ಜಾಸ್ತಿ ಮಾಡುತ್ತದೆ.

ಎರಡೂ ಹೆಸರು ಹೊಸದಾಗಿ ಕೇಳುವವರಿಗಾಗಿ ಚಿಕ್ಕದಾಗಿ ಹೇಳುತ್ತೇನೆ. ವರ್ಚುವಲ್ ರಿಯಾಲಿಟಿ, ಅಂದರೆ ವಿಆರ್, ನಿಮ್ಮ ಕಣ್ಣನ್ನು ಪೂರ್ತಿ ಮುಚ್ಚಿ ಕಂಪ್ಯೂಟರ್ ಕಟ್ಟಿದ ಜಾಗವನ್ನು ತೋರಿಸುತ್ತದೆ. ಎರಡು ಕಣ್ಣಿಗೆ ಸ್ವಲ್ಪ ಬೇರೆ ಬೇರೆ ಚಿತ್ರ ಕೊಡುವುದರಿಂದ ಆಳ ಕಾಣುತ್ತದೆ. ತಲೆ ತಿರುಗಿಸಿದರೆ ಚಿತ್ರವೂ ತಿರುಗುತ್ತದೆ. ಆಗ್ಮೆಂಟೆಡ್ ರಿಯಾಲಿಟಿ, ಅಂದರೆ ಎಆರ್, ನಿಮ್ಮ ಎದುರಿನ ನಿಜವಾದ ಜಾಗವನ್ನು ಹಾಗೇ ಬಿಟ್ಟು ಅದರ ಮೇಲೆ ಚಿತ್ರ ಕೂರಿಸುತ್ತದೆ. ತಲೆಗೆ ಹಾಕಿಕೊಳ್ಳುವ ಇಂಥ ಪರದೆಯನ್ನು ಅಮೆರಿಕದಲ್ಲಿ ಐವನ್ ಸದರ್ಲೆಂಡ್ 1968ರಲ್ಲೇ ಮಾಡಿ ತೋರಿಸಿದ್ದರು. ಅದು ಎಷ್ಟು ಭಾರ ಇತ್ತೆಂದರೆ ಮೇಲಿನ ಸೂರಿನಿಂದ ತೂಗುಹಾಕಬೇಕಿತ್ತು. ನಮ್ಮಂಥವರ ಆಫೀಸಿಗೆ ಇದು ಬಂದದ್ದು ತೀರಾ ಈಚೆಗೆ. 2014ರಲ್ಲಿ ಗೂಗಲ್ ರಟ್ಟಿನ ಡಬ್ಬಿಯೊಳಗೆ ಫೋನ್ ಇಟ್ಟು ನೋಡುವ ಕಾರ್ಡ್‌ಬೋರ್ಡ್ ತಂದಿತು. 2016ರಲ್ಲಿ ಆಕ್ಯುಲಸ್ ರಿಫ್ಟ್, ಎಚ್‌ಟಿಸಿ ವೈವ್ ಎಂಬ ಹೆಡ್‌ಸೆಟ್ಟುಗಳು ಮಾರುಕಟ್ಟೆಗೆ ಬಂದವು. 2019ರಲ್ಲಿ ಕಂಪ್ಯೂಟರಿನ ವೈರ್ ಬೇಡದ ಕ್ವೆಸ್ಟ್ ಬಂತು. ಈಗ ಸ್ಕೆಚ್‌ಅಪ್ ಅಥವಾ ರೆವಿಟ್ ಎಂಬ ವಿನ್ಯಾಸದ ತಂತ್ರಾಂಶದಲ್ಲಿ ಮಾಡಿದ ಮನೆಯನ್ನು ಎನ್‌ಸ್ಕೇಪ್, ಟ್ವಿನ್‌ಮೋಷನ್ ಥರದ ತಂತ್ರಾಂಶಕ್ಕೆ ಕೊಟ್ಟರೆ ಒಳಗೆ ನಡೆದಾಡಬಹುದು.

ಸರಿ, ಇದರಿಂದ ಏನು ಬದಲಾಗುತ್ತದೆ?

ಮೊದಲ ಬದಲಾವಣೆ ಯಾರು ಮಾತಾಡುತ್ತಾರೆ ಎನ್ನುವುದರಲ್ಲಿ. ಹಾಳೆ ಮುಂದಿದ್ದಾಗ ಮನೆಯ ಯಜಮಾನರು ಮತ್ತು ಅವರ ಎಂಜಿನಿಯರ್ ಅಳಿಯ ಮಾತಾಡುತ್ತಾರೆ. ಹೆಂಗಸರು ಪಕ್ಕದ ಕುರ್ಚಿಯಲ್ಲಿ ಸುಮ್ನೆ ಕೂತಿರುತ್ತಾರೆ. ಹೆಡ್‌ಸೆಟ್ ಹಾಕಿದ ಕೂಡಲೇ ಇದು ತಿರುಗುತ್ತದೆ. ಒಬ್ಬ ಹಿರಿಯ ಅಮ್ಮನವರಿಗೆ ಅವರ ಮಗ ಬಹಳ ಇಷ್ಟಪಟ್ಟು ಮಾಡಿಸಿದ್ದ ಓಪನ್ ಕಿಚನ್ ತೋರಿಸಿದೆವು. ಗ್ಯಾಸ್ ಕಟ್ಟೆಯ ಮುಂದೆ ನಿಂತರು, ಹಿಂದೆ ತಿರುಗಿದರು, ಕೂಡಲೇ ಹೇಳಿದರು: "ಅಲ್ಲೋ ತಮ್ಮಾ, ಬಾಗಲದಾಗ ನಿಂತವ್ರಿಗೆಲ್ಲಾ ನಾ ರೊಟ್ಟಿ ಬಡಿಯೂದು ಕಾಣ್ತದಲ್ಲೋ." ಪ್ಲ್ಯಾನಿನಲ್ಲೂ ಅದು ಇತ್ತು. ತಲಬಾಗಿಲಿನಿಂದ ಕಟ್ಟೆಗೆ ಒಂದು ನೇರ ಗೆರೆ ಎಳೆದರೆ ಯಾರಿಗಾದರೂ ಕಾಣುತ್ತಿತ್ತು. ಆದರೆ ಆ ಗೆರೆಯ ತುದಿಯಲ್ಲಿ ದಿನಾ ನಿಲ್ಲುವವರು ಅವರು. ಅವರಿಗೆ ಆ ಜಾಗದಲ್ಲಿ ನಿಲ್ಲುವ ಅವಕಾಶ ಸಿಕ್ಕ ಮೇಲೆಯೇ ಮಾತು ಬಂತು. ಒಂದು ಮೋಟು ಗೋಡೆ ಬಂದು ವಿಷಯ ಮುಗಿಯಿತು. ಕಂಪ್ಯೂಟರಿನಲ್ಲಿ ಅದು ಕೆಲವೇ ನಿಮಿಷದ ಕೆಲಸ.

ಅಡುಗೆ ಮನೆಯ ಮಾತು ಬಂತಲ್ಲ, ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ನಮ್ಮ ಭಾಗದಲ್ಲಿ ಅತೃಪ್ತಿ ಹೆಚ್ಚಾಗಿ ಹುಟ್ಟುವುದೇ ಅಲ್ಲಿ ಎಂದು ನನಗೆ ಅನ್ನಿಸಿದೆ. ಗ್ಯಾಸ್ ಕಟ್ಟೆಯನ್ನು ಸಾಮಾನ್ಯವಾಗಿ 32ರಿಂದ 34 ಇಂಚು ಎತ್ತರಕ್ಕೆ ಕಟ್ಟುತ್ತೇವೆ. ಒಗ್ಗರಣೆ ಹಾಕಲು, ಸಾರು ಕುದಿಸಲು ಅದು ಸರಿ. ಜೋಳದ ರೊಟ್ಟಿ ಬಡಿಯುವುದಕ್ಕೆ ಸರಿಯಲ್ಲ. ನೆಲದ ಮೇಲೆ ಕೂತು ಬಡಿಯುವಾಗ ಭುಜದ ಬಲ ಮೇಲಿನಿಂದ ಇಳಿಯುತ್ತದೆ. ಎತ್ತರದ ಕಟ್ಟೆಯಲ್ಲಿ ಭುಜ ಎತ್ತಿ ಬಡಿಯಬೇಕು, ಕೈ ಸೋಲುತ್ತದೆ. ಹೆಡ್‌ಸೆಟ್ಟಿನಲ್ಲಿ ನೋಡುವಾಗ ಇನ್ನೊಂದು ಮೋಸ ಸೇರಿಕೊಳ್ಳುತ್ತದೆ. ಕೆಲವು ತಂತ್ರಾಂಶಗಳಲ್ಲಿ ಕಣ್ಣಿನ ಎತ್ತರವನ್ನು ಮೊದಲೇ ಒಂದು ಅಂಕಿಗೆ ಕಟ್ಟಿಟ್ಟಿರುತ್ತಾರೆ. ಆರು ಅಡಿಯ ಗಂಡಸಿನ ಕಣ್ಣಿಟ್ಟುಕೊಂಡು ನೋಡಿದರೆ ಐದು ಅಡಿಯ ಹೆಂಗಸಿಗೂ ಕಟ್ಟೆ ತಗ್ಗಾಗಿ, ಮೇಲಿನ ಶೆಲ್ಫು ಕೈಗೆ ಸಿಗುವಷ್ಟು ಹತ್ತಿರದಲ್ಲಿ ಕಾಣುತ್ತದೆ. ಆದ್ದರಿಂದ ನೋಡುವವರ ಎತ್ತರಕ್ಕೆ ತಕ್ಕಂತೆ ಕಣ್ಣಿನ ಎತ್ತರ ಹೊಂದಿಸಿ. ಗಾಲಿ ಕುರ್ಚಿಯಲ್ಲಿರುವವರಿಗೆ ಕೂತಾಗಿನ ಎತ್ತರ ಇಡಿ. ಇನ್ನೂ ಒಳ್ಳೆಯದು ಅಂದರೆ, ಹೆಡ್‌ಸೆಟ್ಟಿನಲ್ಲಿ ಕಟ್ಟೆ ಕಾಣುವ ಜಾಗದಲ್ಲೇ ನಿಜವಾದ ಒಂದು ಮೇಜು, ಅಷ್ಟೇ ಎತ್ತರದ್ದು, ಇಟ್ಟುಬಿಡಿ. ಕಣ್ಣಿಗೆ ಕಂಡದ್ದು ಕೈಗೂ ಸಿಗುತ್ತದೆ. ಆಮೇಲೆ ಕೇಳಿ: ಇಲ್ಲಿ ರೊಟ್ಟಿ ಬಡಿಯೋಕೆ ಆಗುತ್ತಾ? ಬಹಳ ಮನೆಗಳಿಗೆ ರೊಟ್ಟಿಗೆಂದೇ ತಗ್ಗಾದ ಇನ್ನೊಂದು ಕಟ್ಟೆ ಬೇಕಾಗುತ್ತದೆ.

ಎರಡನೆಯ ಬದಲಾವಣೆ ಅಳತೆಯ ಅಂದಾಜಿನಲ್ಲಿ. ಪ್ಲಾಟಿನಲ್ಲಿ ಸುಣ್ಣದ ಪುಡಿ ಹಾಕಿ ಮಾರ್ಕಿಂಗ್ ಮಾಡಿದ ದಿನ ಏನಾಗುತ್ತದೆ, ಕಟ್ಟಿಸಿದವರಿಗೆ ಗೊತ್ತು. ಕೋಣೆಗಳೆಲ್ಲ ಗೂಡಿನಷ್ಟು ಕಾಣುತ್ತವೆ. ಮನೆಯವರು ಗಾಬರಿಯಾಗುತ್ತಾರೆ. ಮೇಲೆ ಬಯಲು ಆಕಾಶ, ಸುತ್ತ ಗೋಡೆ ಇಲ್ಲ, ಕಣ್ಣಿಗೆ ಹೋಲಿಸಲು ಏನೂ ಇಲ್ಲ. ಎಷ್ಟೋ ಜನ ಆ ಗಾಬರಿಯಲ್ಲೇ ಕೋಣೆ ದೊಡ್ಡದು ಮಾಡಿಸಿ, ಮೆಟ್ಟಿಲನ್ನೋ ಹಿತ್ತಲನ್ನೋ ಕಳೆದುಕೊಳ್ಳುತ್ತಾರೆ. ಅದಕ್ಕೂ ಮೊದಲೇ ಗೋಡೆ, ಕಿಟಕಿ, ಮಂಚ ಸಮೇತ ಕೋಣೆಯೊಳಗೆ ನಿಂತು ನೋಡಿದವರಿಗೆ ಆ ಗಾಬರಿ ಕಡಿಮೆ.

ಆದರೆ ಹೆಡ್‌ಸೆಟ್ಟಿನ ಅಳತೆಯನ್ನೂ ಕಣ್ಣುಮುಚ್ಚಿ ನಂಬಬೇಡಿ. ಅದನ್ನು ಹಾಕಿಕೊಂಡಾಗ ಜನ ದೂರವನ್ನು ನಿಜಕ್ಕಿಂತ ಕಡಿಮೆ ಎಂದು ಅಂದಾಜು ಮಾಡುತ್ತಾರೆ ಎನ್ನುವುದನ್ನು ಸಂಶೋಧಕರು ಬಹಳ ವರ್ಷಗಳಿಂದ ಗಮನಿಸಿದ್ದಾರೆ. ನಮ್ಮ ಎರಡು ಕಣ್ಣು ಸೇರಿ ಅಡ್ಡಕ್ಕೆ ಸುಮಾರು 200 ಡಿಗ್ರಿ ನೋಡುತ್ತವೆ. ಸಾಮಾನ್ಯ ಹೆಡ್‌ಸೆಟ್ ತೋರಿಸುವುದು ಅದರ ಅರ್ಧದಷ್ಟು. ಇದಕ್ಕೆ ನಾನು ಬಳಸುವ ಉಪಾಯ ಸರಳ. ಆಫೀಸಿನ ಕೋಣೆಯನ್ನೇ ಅಳತೆ ಮಾಡಿ ಮಾಡೆಲ್ ಮಾಡಿಟ್ಟಿದ್ದೇನೆ. ಕ್ಲೈಂಟ್ ಕೂತಿರುವ ಕೋಣೆಯನ್ನೇ ಮೊದಲು ಹೆಡ್‌ಸೆಟ್ಟಿನಲ್ಲಿ ತೋರಿಸುತ್ತೇನೆ. ನಿಜದ ಕೋಣೆ ಹೇಗೆ, ಅದು ಇಲ್ಲಿ ಹೇಗೆ ಕಾಣುತ್ತದೆ ಎಂದು ಅವರ ಕಣ್ಣು ಒಮ್ಮೆ ತೂಗಿ ನೋಡುತ್ತದೆ. ಆಮೇಲೆ ಅವರ ಮನೆಗೆ ಕರೆದುಕೊಂಡು ಹೋಗುತ್ತೇನೆ.

ಯಾವಾಗ ತೋರಿಸಬೇಕು? ಇಲ್ಲಿ ನನ್ನ ಜೊತೆ ಕೆಲಸ ಮಾಡುವ ಹುಡುಗರಿಗೂ ನನಗೂ ಈಗಲೂ ವಾದ ನಡೆಯುತ್ತದೆ. ಅವರಿಗೆ ಟೈಲ್ಸು, ಪರದೆ, ತೂಗುದೀಪ, ಸಂಜೆಯ ಬೆಳಕು ಎಲ್ಲ ಹಾಕಿ ಮುಗಿಸಿದ ಮೇಲೆ ತೋರಿಸಬೇಕು ಅಂತ ಆಸೆ. ನಾನು ಬಣ್ಣವಿಲ್ಲದ ಬೂದು ಮಾಡೆಲನ್ನೇ ಮೊದಲು ತೋರಿಸಿ ಎನ್ನುತ್ತೇನೆ. ಕಾಲಂ ಎಲ್ಲೆಲ್ಲಿ ಎಂದು ಸ್ಟ್ರಕ್ಚರಲ್ ಎಂಜಿನಿಯರ್ ಕೂರಿಸುವ ಮೊದಲೇ ತೋರಿಸಬೇಕು. ಟೈಲ್ಸ್ ಕಂಡರೆ ಜನ ಟೈಲ್ಸಿನ ಬಗ್ಗೆ ಮಾತಾಡುತ್ತಾರೆ. ಬಣ್ಣ ಇಲ್ಲದಿದ್ದರೆ ಬಾಗಿಲು ಎತ್ತ ತೆರೆಯುತ್ತದೆ, ಮೆಟ್ಟಿಲಿನ ಕೆಳಗೆ ತಲೆ ತಾಗುತ್ತಾ, ದೇವರ ಮನೆಗೆ ಬಾತ್‌ರೂಮಿನ ಗೋಡೆ ಅಂಟಿಕೊಂಡಿದೆಯಾ ಎಂದು ನೋಡುತ್ತಾರೆ. ಟೈಲ್ಸ್ ಕೊನೆಯ ತಿಂಗಳಲ್ಲೂ ಬದಲಾಗಬಹುದು. ಮೆಟ್ಟಿಲು ಆಗುವುದಿಲ್ಲ. ಇನ್ನೊಂದು ವಿಷಯ ಇದೆ. ಎಲ್ಲ ಮುಗಿದ ಹಾಗೆ ಕಾಣುವ ಚಿತ್ರದ ಮುಂದೆ ನಮ್ಮ ಜನ ಸಂಕೋಚಪಡುತ್ತಾರೆ. ಇಷ್ಟು ಕಷ್ಟಪಟ್ಟು ಮಾಡಿದ್ದಾರೆ, ಹೆಂಗ ಬ್ಯಾಡ ಅನ್ನೋದು ಅಂತ.

ಹಿರಿಯರಿಗೆ ತೋರಿಸುವಾಗ ಒಂದಿಷ್ಟು ಕಾಳಜಿ ಬೇಕು. ಕಣ್ಣು ನಡೆಯುತ್ತಿದ್ದೇನೆ ಅನ್ನುತ್ತದೆ, ಕಿವಿಯೊಳಗಿನ ಸಮತೋಲನದ ಅಂಗ ಕೂತಿದ್ದೇನೆ ಅನ್ನುತ್ತದೆ. ಈ ಜಗಳದಲ್ಲೇ ತಲೆ ಸುತ್ತುವುದು, ವಾಕರಿಕೆ ಬರುವುದು. ಅದಕ್ಕೆ ಅವರನ್ನು ತಿರುಗುವ ಕುರ್ಚಿಯಲ್ಲಿ ಕೂರಿಸಿ. ಜಾಯ್‌ಸ್ಟಿಕ್‌ನಲ್ಲಿ ಜಾರಿಸಿಕೊಂಡು ಹೋಗಬೇಡಿ, ಒಂದು ಕೋಣೆಯಿಂದ ಇನ್ನೊಂದಕ್ಕೆ ನೇರವಾಗಿ ದಾಟಿಸಿ. ಐದು ನಿಮಿಷ ಸಾಕು. ಚಸ್ಮಾ ಇದ್ದವರು, ತುರುಬು ಕಟ್ಟಿದವರು, ತಲೆಯ ಮೇಲೆ ಸೆರಗು ಹೊದ್ದವರು ಪಟ್ಟಿ ಬಿಗಿಸಿಕೊಳ್ಳಲು ಮುಜುಗರಪಡುತ್ತಾರೆ. ಪಟ್ಟಿ ಬಿಡಿ. ಎರಡೂ ಕೈಯಲ್ಲಿ ಹಿಡಿದುಕೊಂಡು ದುರ್ಬೀನಿನ ಹಾಗೆ ನೋಡಲಿ. ಅವರಿಗೆ ಕಾಣುವುದನ್ನು ಟಿವಿ ಪರದೆಗೂ ಹಾಕಿ, ಮನೆಯ ಉಳಿದವರೂ ನೋಡಲಿ. ಮಗ ಬೆಂಗಳೂರಿನಲ್ಲೋ ಪುಣೆಯಲ್ಲೋ ಇದ್ದರೆ 360 ಡಿಗ್ರಿ ಚಿತ್ರದ ಲಿಂಕನ್ನು ವಾಟ್ಸ್ಆ್ಯಪ್‌ನಲ್ಲಿ ಕಳಿಸಿ. ಯಾರು ಏನು ಹೇಳಿದರು ಎನ್ನುವುದನ್ನು ಅಲ್ಲೇ ಬರೆದುಕೊಳ್ಳಿ. ಹೇಳಿದ್ದು ಮುಂದಿನ ಡ್ರಾಯಿಂಗಿನಲ್ಲಿ ಕಾಣಿಸದಿದ್ದರೆ ಈ ಹೆಡ್‌ಸೆಟ್ ಒಂದು ಆಟದ ಸಾಮಾನು ಮಾತ್ರ.

ಈಗ ನನಗೆ ಸಿಟ್ಟು ಬರಿಸುವ ಭಾಗಕ್ಕೆ ಬರುತ್ತೇನೆ. ರಿಚರ್ಡ್ ಆಲಿವರ್ ಎಂಬ ಅಮೆರಿಕದ ವಿದ್ವಾಂಸರು 1980ರಲ್ಲಿ ಗ್ರಾಹಕರ ತೃಪ್ತಿಯ ಬಗ್ಗೆ ಒಂದು ವಿವರಣೆ ಕೊಟ್ಟರು. ವಸ್ತು ಎಷ್ಟು ಒಳ್ಳೆಯದು ಎನ್ನುವುದರಿಂದ ಮಾತ್ರ ತೃಪ್ತಿ ತೀರ್ಮಾನವಾಗುವುದಿಲ್ಲ. ಮೊದಲು ಏನು ನಿರೀಕ್ಷೆ ಮಾಡಿದ್ದರು, ಆಮೇಲೆ ಏನು ಸಿಕ್ಕಿತು, ಈ ಎರಡರ ನಡುವಿನ ಅಂತರ ಮುಖ್ಯ. ನಿರೀಕ್ಷೆಗಿಂತ ಮೇಲೆ ಸಿಕ್ಕರೆ ಖುಷಿ, ಕೆಳಗೆ ಬಿದ್ದರೆ ಬೇಸರ. ಮನೆಗೆ ಇದನ್ನು ಹಾಕಿ ನೋಡಿ. ಹೆಡ್‌ಸೆಟ್ಟಿನಲ್ಲಿ ನಿರೀಕ್ಷೆಯನ್ನು ಎಷ್ಟು ಬೇಕಾದರೂ ಏರಿಸಬಹುದು. ಅಲ್ಲಿ ಧೂಳಿಲ್ಲ, ವೈರಿಲ್ಲ, ಪಕ್ಕದ ಮನೆಯ ಸಿಂಟೆಕ್ಸ್ ಟ್ಯಾಂಕ್ ಇಲ್ಲ. ಕಿಟಕಿಯಾಚೆ ಹಸಿರು ಬೆಟ್ಟ. ನಿಜದಲ್ಲಿ ಆ ಕಿಟಕಿಯಿಂದ ಮೂರು ಅಡಿಗೆ ಪಕ್ಕದವರ ಬಾತ್‌ರೂಮಿನ ಗೋಡೆ. ಮಂಚವನ್ನು, ಸೋಫಾವನ್ನು ಸ್ವಲ್ಪ ಕುಗ್ಗಿಸಿ ಇಟ್ಟರೆ ಹತ್ತಕ್ಕೆ ಹತ್ತರ ಕೋಣೆ ದೊಡ್ಡ ಹಾಲ್‌ನಂತೆ ಕಾಣುತ್ತದೆ. ಮಾದರಿ ಫ್ಲಾಟುಗಳಲ್ಲಿ ಈ ಆಟ ಮೊದಲಿಂದಲೂ ಇದೆ. ಹೆಡ್‌ಸೆಟ್ಟಿನಲ್ಲಿ ಅದಕ್ಕೆ ಬಡಗಿಯೂ ಬೇಡ.

ಹೀಗಾಗಿ ನೋಡುವವರು ಧೈರ್ಯವಾಗಿ ಕೇಳಬೇಕು. ಈ ಮಂಚದ ಅಳತೆ ಎಷ್ಟು? ನಮ್ಮ ಮನೆಯ ಮಂಚ ಆರೂವರೆ ಅಡಿ ಉದ್ದ, ಅದನ್ನೇ ಇಡಿ. ನಮ್ಮ ಗೋದ್ರೇಜ್ ಕಪಾಟು ಎಲ್ಲಿ? ಪಕ್ಕದ ಕಟ್ಟಡ ಯಾಕೆ ಕಾಣುತ್ತಿಲ್ಲ? ಆರ್ಕಿಟೆಕ್ಟ್ ಆಗಿ ನಾನು ಇವನ್ನು ಕೇಳುವ ಮೊದಲೇ ಹಾಕಿರಬೇಕು. ಅಕ್ಕಪಕ್ಕದ ಮನೆ, ಎದುರಿನ ಕರೆಂಟ್ ಕಂಬ ಎಲ್ಲವನ್ನೂ. ಚಿತ್ರದ ಅಂದ ಸ್ವಲ್ಪ ಕೆಡುತ್ತದೆ, ಕೆಡಲಿ.

ಫ್ಲಾಟ್ ಕೊಳ್ಳುವವರಿಗೆ ಒಂದು ಕಾನೂನಿನ ಆಸರೆಯೂ ಇದೆ. 2016ರ ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆಯ 12ನೇ ಕಲಮಿನ ಪ್ರಕಾರ, ಜಾಹೀರಾತು ಅಥವಾ ಮಾದರಿ ಫ್ಲಾಟ್ ನಂಬಿ ಮುಂಗಡ ಕೊಟ್ಟವರಿಗೆ ಅದರಲ್ಲಿನ ಸುಳ್ಳು ಮಾಹಿತಿಯಿಂದ ನಷ್ಟವಾದರೆ ಬಿಲ್ಡರ್ ಪರಿಹಾರ ಕೊಡಬೇಕು. ಹೆಡ್‌ಸೆಟ್ಟಿನಲ್ಲಿ ತೋರಿಸಿದ್ದೂ ಮಾರಾಟಕ್ಕಾಗಿ ತೋರಿಸಿದ್ದೇ ತಾನೆ? ಅದರ ವಿಡಿಯೋ ರೆಕಾರ್ಡಿಂಗ್ ಕೇಳಿ ಇಟ್ಟುಕೊಳ್ಳಿ. ಬರಹದ ಒಪ್ಪಂದದಲ್ಲಿ ಕಾರ್ಪೆಟ್ ಏರಿಯಾ, ಅಂದರೆ ಫ್ಲಾಟಿನೊಳಗೆ ಬಳಕೆಗೆ ಸಿಗುವ ಜಾಗ, ಎಷ್ಟಿದೆ ಎಂದೂ ನೋಡಿ. ಐನೂರು ಚದರ ಮೀಟರ್ ಮೀರದ ಜಾಗ ಅಥವಾ ಎಂಟು ಫ್ಲಾಟ್ ಮೀರದ ಕಟ್ಟಡಕ್ಕೆ ರೇರಾ ನೋಂದಣಿ ಕಡ್ಡಾಯ ಇಲ್ಲ ಎನ್ನುವುದು ನೆನಪಿರಲಿ. ನಮ್ಮ ಊರಿನ ಬಹಳಷ್ಟು ಚಿಕ್ಕ ಅಪಾರ್ಟ್‌ಮೆಂಟುಗಳು ಈ ಗಾತ್ರದವೇ.

ಬಿಸಿಲನ್ನು ತೋರಿಸುವುದರಲ್ಲಿ ಈ ಯಂತ್ರ ಅರ್ಧ ಒಳ್ಳೆಯದು, ಅರ್ಧ ಕುರುಡು. ಹುಬ್ಬಳ್ಳಿ-ಧಾರವಾಡ ಇರುವುದು ಸುಮಾರು 15.4 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಮೇ ಮೊದಲ ವಾರದಿಂದ ಆಗಸ್ಟ್ ಎರಡನೇ ವಾರದವರೆಗೆ ಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಗಿಂತ ಸ್ವಲ್ಪ ಉತ್ತರಕ್ಕೆ ಇರುತ್ತಾನೆ. ಉತ್ತರದ ಕಿಟಕಿಗೆ ಬಿಸಿಲೇ ಬರುವುದಿಲ್ಲ ಅಂದುಕೊಂಡವರು ಆ ತಿಂಗಳುಗಳಲ್ಲಿ ನೋಡಲಿ. ಮಾಡೆಲಿಗೆ ಊರು, ತಾರೀಖು, ಗಂಟೆ ಸರಿಯಾಗಿ ಕೊಟ್ಟರೆ ನೆರಳು ಎಲ್ಲಿ ಬೀಳುತ್ತದೆ ಎನ್ನುವುದು ಕರಾರುವಾಕ್ಕಾಗಿ ಕಾಣುತ್ತದೆ. ಊರು ಹಾಕುವುದನ್ನು ಮರೆತರೆ ಬೇರೆ ಯಾವುದೋ ದೇಶದ ಸೂರ್ಯ ನಿಮ್ಮ ಪಡಸಾಲೆಗೆ ಬರುತ್ತಾನೆ. ಆದರೆ ಏಪ್ರಿಲಿನ ಸಂಜೆ ನಾಲ್ಕಕ್ಕೆ ಪಶ್ಚಿಮದ ಗೋಡೆ ಕಾದು ರಾತ್ರಿಯೆಲ್ಲ ಉಗುಳುವ ಬಿಸಿ ಹೆಡ್‌ಸೆಟ್ಟಿನಲ್ಲಿ ಬರುವುದಿಲ್ಲ. ಬೆಳಕನ್ನು ಅಳೆಯುವ ಲಕ್ಸ್ ಲೆಕ್ಕದಲ್ಲಿ ಹೊರಗಿನ ನೇರ ಬಿಸಿಲು ಸುಮಾರು ಒಂದು ಲಕ್ಷ ಲಕ್ಸ್. ಯಾವ ಪರದೆಯೂ ಅದರ ಹತ್ತಿರ ಹೋಗುವುದಿಲ್ಲ. ಕಣ್ಣು ಕೋರೈಸುವ ಗಾಜಿನ ಗೋಡೆ ಹೆಡ್‌ಸೆಟ್ಟಿನೊಳಗೆ ಬಹಳ ತಂಪಾಗಿ, ಚೆಂದವಾಗಿ ಕಾಣುತ್ತದೆ. ಇದನ್ನು ಬಾಯಿಬಿಟ್ಟು ಹೇಳುವುದು ಆರ್ಕಿಟೆಕ್ಟ್ ಕರ್ತವ್ಯ.

ಮಣ್ಣೂ ಹಾಗೆಯೇ. ನವಲಗುಂದ, ಅಣ್ಣಿಗೇರಿ, ಗದಗ ಕಡೆ ಎರೆ ಭೂಮಿ, ಅಂದರೆ ಕಪ್ಪು ಮಣ್ಣು. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಪಾಯಾ ಸರಿಯಾಗದಿದ್ದರೆ ಗೋಡೆಯೂ ಅದರ ಜೊತೆ ಬಿರಿಯುತ್ತದೆ. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆಯವರು ಇಂಥ ಮಣ್ಣಿಗೆಂದೇ ಬುಡದಲ್ಲಿ ಉಬ್ಬು ಇರುವ ಅಂಡರ್‌ರೀಮ್ಡ್ ಪೈಲ್ ಪಾಯಾವನ್ನು ರೂಪಿಸಿದ್ದಾರೆ. ಗೃಹಪ್ರವೇಶದ ದಿನದ ಖುಷಿಯನ್ನು ಹೆಡ್‌ಸೆಟ್ ಹೆಚ್ಚಿಸಬಹುದು. ಎರಡು ಮಳೆಗಾಲ ಕಳೆದ ಮೇಲೆ ಮನೆಯವರು ನಮ್ಮನ್ನು ಹರಸುತ್ತಾರೋ ಶಪಿಸುತ್ತಾರೋ ಎನ್ನುವುದು ಆ ಪಾಯಾ, ಆ ವಾಟರ್‌ಪ್ರೂಫಿಂಗ್ ಮೇಲೆ ನಿಂತಿದೆ. ಸುಂದರ ಚಿತ್ರಕ್ಕೆ ದುಡ್ಡು ಕೊಟ್ಟು ಮಣ್ಣಿನ ಪರೀಕ್ಷೆಯ ದುಡ್ಡು ಉಳಿಸುವವರನ್ನು ನೋಡಿದಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಎಆರ್ ಬಗ್ಗೆ ಕಡಿಮೆ ಹೇಳಿದೆ, ಅಲ್ವಾ? ಅದರ ಜಾಗ ಪ್ಲಾಟಿನಲ್ಲಿ. ಫೋನಿನ ಕ್ಯಾಮೆರಾ ನೆಲದ ಮೇಲಿನ ಗುರುತುಗಳನ್ನು ಹಿಡಿದು, ಫೋನ್ ಎಷ್ಟು ಸರಿಯಿತು ಎಂದು ಲೆಕ್ಕ ಹಾಕಿ ಚಿತ್ರವನ್ನು ಅಲ್ಲೇ ನಿಲ್ಲಿಸುತ್ತದೆ. ನಲ್ಲಿ ನೀರು ಕೆಲವು ದಿನಕ್ಕೊಮ್ಮೆ ಬರುವ ಓಣಿಗಳಲ್ಲಿ ಸಂಪ್ ದೊಡ್ಡದೇ ಬೇಕು. ಅದನ್ನು ಎಲ್ಲಿ ತೋಡಬೇಕು, ಅದರ ಮುಚ್ಚಳದ ಮೇಲೆ ಕಾರಿನ ಗಾಲಿ ಬರುತ್ತಾ, ಗೇಟು ತೆರೆದಾಗ ಕಾರು ತಿರುಗುತ್ತಾ ಎಂದು ಅಲ್ಲೇ ನಿಂತು ನೋಡಬಹುದು. ಸುಡು ಬಿಸಿಲಲ್ಲಿ ಪರದೆ ಕಾಣುವುದಿಲ್ಲ, ಬೆಳಿಗ್ಗೆ ಬೇಗ ಹೋಗಿ. ಚಿತ್ರ ಒಂದಷ್ಟು ಇಂಚು ಜಾರುವುದೂ ಉಂಟು. ಅದನ್ನು ನಂಬಿ ಮಾರ್ಕಿಂಗ್ ಮಾಡಬಾರದು, ಅದಕ್ಕೆ ಟೇಪು, ದಾರವೇ ಸರಿ. ಗೌಂಡಿಗೂ ಇದೇ ಮಾಡೆಲನ್ನು ಫೋನಿನಲ್ಲಿ ತೋರಿಸಿ. ಮನೆಯವರ ತಲೆಯಲ್ಲಿ ಒಂದು ಮನೆ, ಗೌಂಡಿಯ ತಲೆಯಲ್ಲಿ ಇನ್ನೊಂದು ಮನೆ ಇದ್ದರೆ ಜಗಳ ಖಾತ್ರಿ.

ಕೊನೆಗೆ ಬಂದ ಪ್ರಶ್ನೆಗಳಲ್ಲಿ ಒಂದನ್ನು ಇಲ್ಲಿ ಬರೆಯುತ್ತೇನೆ. ಗದಗ ಕಡೆಯಿಂದ ಬಂದಿದ್ದ ಒಬ್ಬರು ಕೇಳಿದರು: "ನಮ್ಮೂರ ಎಂಜಿನಿಯರ್ ಕಡೆ ಇವು ಯಾವೂ ಇಲ್ರಿ. ನಾವು ಏನು ಮಾಡೂಣ?"

ಅವರಿಗೆ ಹೇಳಿದ್ದು ಇದು. ಮಾರ್ಕಿಂಗ್ ಆದ ದಿನ ನಾಲ್ಕು ಬಿದಿರು ನೆಟ್ಟು, ಹಳೆಯ ತಾಡಪಾಲು ಕಟ್ಟಿ ಒಂದು ಕೋಣೆಗೆ ಗೋಡೆ ಮಾಡಿ. ಕಿಟಕಿಯ ಜಾಗ ಬಿಡಿ. ಮನೆಯಿಂದ ಒಂದು ಮಂಚ ತಂದು ಒಳಗೆ ಹಾಕಿ. ಅಡುಗೆ ಮನೆಗೆ ಸಿಮೆಂಟಿಲ್ಲದೆ ಇಟ್ಟಿಗೆ ಜೋಡಿಸಿ, ಮೇಲೆ ಒಂದು ಹಲಗೆ ಇಟ್ಟು ಕಟ್ಟೆ ಮಾಡಿ, ರೊಟ್ಟಿ ಬಡಿಯುವವರನ್ನು ಕರೆದು ನಿಲ್ಲಿಸಿ. ಎತ್ತರ ಸರಿಯಾಗುವವರೆಗೆ ಒಂದೊಂದು ಸಾಲು ತೆಗೆದು ಹಾಕಿ ನೋಡಿ. ಆ ಎತ್ತರವನ್ನು ಡ್ರಾಯಿಂಗಿನ ಮೇಲೆ ಬರೆಸಿ. ಖರ್ಚೇನೂ ಇಲ್ಲ, ಆ ಇಟ್ಟಿಗೆ ಆಮೇಲೆ ಗೋಡೆಗೇ ಹೋಗುತ್ತದೆ.